ಎಸ್‌ಎಚ್‌ಕೆ-1 ಫ್ಲಾಸ್ಕ್ ಹಳದಿಯಾಗುತ್ತಿರುವುದರ ಬಗ್ಗೆ

ಸಾಲ್ಮನ್ ಮೀನಿನ ಮೂತ್ರಪಿಂಡದಿಂದ ಬಂದ ಎಸ್‌ಎಚ್‌ಕೆ-1 ಕೋಶಗಳನ್ನು ಎಲ್-15 ಎಂಬ ಪೋಷಕ ದ್ರವ ಮಾಧ್ಯಮದಲ್ಲಿ, ಶೇ 5ರ ಕಾರ್ಬನ್ ಡೈಆಕ್ಸೈಡ್ ಇನ್‌ಕ್ಯುಬೇಟರ್‌ನಲ್ಲಿ 28 ಡಿಗ್ರಿಗೆ ಇಟ್ಟಿದ್ದೀರಿ. ಮಾಧ್ಯಮ ಹಳದಿಯಾಗಿ ಕೋಶಗಳು ಕಳಚಿ ತೇಲುತ್ತಿವೆ ಎಂದಿದ್ದೀರಿ. ಇಲ್ಲಿ ಎರಡು ತಪ್ಪುಗಳು ಸೇರಿಕೊಂಡಿವೆ.

ಮೊದಲನೆಯದು ಅನಿಲ. ಎಲ್-15ರಲ್ಲಿ ಬೈಕಾರ್ಬೊನೇಟ್ ಬಫರ್ (ಪಿಎಚ್ ಸ್ಥಿರವಾಗಿಡುವ ಲವಣ) ಇಲ್ಲ. ಫಾಸ್ಫೇಟ್ ಮತ್ತು ಅಮೈನೊ ಆಮ್ಲಗಳೇ ಪಿಎಚ್ ಕಾಯುತ್ತವೆ. ಹೊರಗಿನ ಕಾರ್ಬನ್ ಡೈಆಕ್ಸೈಡ್ ಕರಗಿದರೆ ಆಮ್ಲೀಯತೆ ಏರುತ್ತದೆ, ಮಾಧ್ಯಮದಲ್ಲಿರುವ ಸೂಚಕ ಬಣ್ಣ ಫೀನಾಲ್ ರೆಡ್ ಹಳದಿಗೆ ತಿರುಗುತ್ತದೆ. ಫಿಲ್ಟರ್ ಇಲ್ಲದ ಮುಚ್ಚಳ ಬಿಗಿಮಾಡಿ, ಸಾದಾ ಗಾಳಿಯಲ್ಲಿಡಿ. ಹಳದಿಯ ಜೊತೆ ಮಬ್ಬೂ ಇದ್ದರೆ ಅದು ಬ್ಯಾಕ್ಟೀರಿಯಾ. ಆ ಫ್ಲಾಸ್ಕ್ ಉಳಿಸಲು ಹೋಗಬೇಡಿ, ಬ್ಲೀಚ್ ಹಾಕಿ ಬಿಸಾಡಿ.

ಎರಡನೆಯದು ಶಾಖ. ಇವು ತಣ್ಣೀರಿನ ಮೀನಿನ ಕೋಶಗಳು, 20 ಡಿಗ್ರಿ ಬೇಕು. ಮಾಮೂಲಿ ಇನ್‌ಕ್ಯುಬೇಟರ್ ಕಾಯಿಸುತ್ತದೆಯೇ ಹೊರತು ತಣಿಸುವುದಿಲ್ಲ. ನಮ್ಮ ಬೇಸಿಗೆಗೆ ತಣಿಸಲೂ ಬಲ್ಲ ಬಿಒಡಿ ಇನ್‌ಕ್ಯುಬೇಟರ್ ಬೇಕೇ ಬೇಕು.

ಮಾಧ್ಯಮಕ್ಕೆ ಶೇ 5 ಎಫ್‌ಬಿಎಸ್ (ಕರುವಿನ ಭ್ರೂಣದ ಸೀರಮ್), 4 ಮಿಲಿಮೋಲಾರ್ ಗ್ಲುಟಮಿನ್, 40 ಮೈಕ್ರೋಮೋಲಾರ್ ಮರ್ಕ್ಯಾಪ್ಟೊಇಥನಾಲ್ ಸೇರಿಸಿ. ಕೋಶಗಳು ತುಂಬಿದಾಗ ಒಂದು ಫ್ಲಾಸ್ಕನ್ನು ಎರಡಾಗಿ ಮಾತ್ರ ಹಂಚಿ. ತೀರಾ ತೆಳುವಾದರೆ ಬೆಳವಣಿಗೆ ನಿಂತೇ ಹೋಗುತ್ತದೆ. ಹಳೆಯ ಮಾಧ್ಯಮದ ಅರ್ಧ ಭಾಗ ಉಳಿಸಿಕೊಂಡರೆ ಬೇಗ ಚೇತರಿಸಿಕೊಳ್ಳುತ್ತವೆ.

ಸಾಲ್ಮನ್‌ಗೆ ಸಾಂಕ್ರಾಮಿಕ ರಕ್ತಹೀನತೆ ತರುವ ಐಎಸ್‌ಎ ವೈರಸ್ ಬೆಳೆಸುವ ಉದ್ದೇಶವಿದ್ದರೆ ಸೋಂಕಿನ ನಂತರ 15 ಡಿಗ್ರಿಗೆ ಇಳಿಸಿ. ಪಾಸೇಜ್ (ಹೀಗೆ ಹಂಚಿ ಬೆಳೆಸಿದ ಸರದಿ) ಹೆಚ್ಚಿದಂತೆ ಕೋಶಗಳು ವೈರಸ್‌ಗೆ ಸ್ಪಂದಿಸುವುದು ಕಡಿಮೆಯಾಗುವುದರಿಂದ ಆರಂಭದ ಪಾಸೇಜ್‌ಗಳನ್ನು ಈಗಲೇ ದ್ರವ ಸಾರಜನಕದಲ್ಲಿ ಇಡಿ. ಈ ವೈರಸ್ ಮನುಷ್ಯರ ದೇಹದ ಶಾಖದಲ್ಲಿ ಬೆಳೆಯುವುದಿಲ್ಲ, ಆ ಭಯ ಬೇಡ. ಆದರೂ ತ್ಯಾಜ್ಯವನ್ನು ಆಟೋಕ್ಲೇವ್ ಮಾಡದೆ ಚರಂಡಿಗೆ ಬಿಡಬೇಡಿ.