‘ದೇಶಕ್ಕ ನಾ ಬ್ಯಾಡಾದೆ’ ಅಂದ ಹುಡುಗ

ಹೆಸರು ಮತ್ತು ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಾಯಿಸಿದ್ದೇನೆ. ಹುಡುಗನನ್ನು ಸಿದ್ದು ಅನ್ನೋಣ. ವಯಸ್ಸು 21, ಬೆಳಗಾವಿ ಕಡೆಯ ಹಳ್ಳಿಯವನು. ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ ಇರುವ ಜಿಲ್ಲೆ ಅದು. ಅಲ್ಲಿ ಮಿಲಿಟರಿ ಅಂದರೆ ಬರೀ ನೌಕರಿಯಲ್ಲ, ಮನೆತನದ ಮಾತು. ಇವನ ಕಾಕಾ ಕೂಡ ಹವಾಲ್ದಾರ್ ಆಗಿದ್ದವರು.

ಆಪ್ತಸಲಹೆಗೆಂದು ನನ್ನ ಹತ್ತಿರ ಕರೆದುಕೊಂಡು ಬಂದವರು ಅವನ ಅಕ್ಕ. “ಮೂರು ತಿಂಗಳಾತ್ರಿ ಮೇಡಂ, ಅವ್ವನ ಕೂಡ ಮಾತಾಡಿಲ್ಲ” ಎಂದರು.

ಎರಡು ವರ್ಷ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಓಡಿದವನು ಸಿದ್ದು. ಸೈನ್ಯದ ಭರ್ತಿಯಲ್ಲಿ 1.6 ಕಿ.ಮೀ. ಓಟವನ್ನು ಐದೂವರೆ ನಿಮಿಷದೊಳಗೆ ಮುಗಿಸಿದ. ಮೆಡಿಕಲ್‌ನಲ್ಲಿ ಬಣ್ಣದ ಚುಕ್ಕಿಗಳ ಪುಸ್ತಕ ತೆರೆದಿಟ್ಟರು. ಜೊತೆಯವರಿಗೆ ಕಂಡ ಅಂಕಿ ಇವನಿಗೆ ಕಾಣಲಿಲ್ಲ. ಕೆಂಪು-ಹಸಿರು ಬೇರೆ ಬೇರೆಯಾಗಿ ಕಾಣದ ತೊಂದರೆ, ಅಲ್ಲಿಗೆ ಔಟ್. ಇದು ತಾಯಿ ಕಡೆಯಿಂದ ಬರುತ್ತದೆ ಎಂದು ಮೊಬೈಲಿನಲ್ಲಿ ಓದಿಕೊಂಡ. ಅವತ್ತಿನಿಂದ ಅವ್ವನ ಜೊತೆ ಮಾತು ಬಂದ್. ಆಮೇಲೆ ಸಿಟ್ಟು ಹೊರಗೂ ಹರಿಯಿತು. ಆಗಸ್ಟ್ 15ಕ್ಕೆ ಬಾವುಟದ ಸ್ಟೇಟಸ್ ಹಾಕದ ಗೆಳೆಯನನ್ನು ದೇಶದ್ರೋಹಿ ಎಂದು ಗ್ರೂಪಿನಲ್ಲಿ ಬೈದ. ಕೈ ಕೈ ಮಿಲಾಯಿಸುವ ತನಕ ಹೋಯಿತು.

ಮೊದಲ ದಿನ ನಾನೇ ಎಡವಿದೆ. “ರೈತನೂ ದೇಶಸೇವೆ ಮಾಡ್ತಾನೆ, ಮಾಸ್ತರರೂ ಮಾಡ್ತಾರೆ” ಎಂದು ಶುರು ಮಾಡಿದೆ. ಅವನು ಫ್ಯಾನ್ ನೋಡುತ್ತ ಕೂತ. ಸಾವಾದ ಮನೆಗೆ ಹೋಗಿ ಲಗ್ನದ ಮಾತು ತೆಗೆದ ಹಾಗಾಯಿತು. ಸುಮ್ಮನಾದೆ.

ಬಹಳ ಹೊತ್ತಿನ ಮೇಲೆ ಅವನೇ ಅಂದ: “ಗಡಿಯಾಗ ಸತ್ರ ಹೆಸರರ ಉಳೀತಿತ್ರಿ. ಈಗ ದೇಶಕ್ಕ ನಾ ಬ್ಯಾಡಾದೆ.” ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂದು ಜನ ಹೆದರುತ್ತಾರೆ, ಅದು ತಪ್ಪು. ಒಂದೆರಡು ಸಲ ಬಂದಿತ್ತಂತೆ, ಈಗಿಲ್ಲ. ಮತ್ತೆ ಬಂದರೆ ಯಾರಿಗೆ ಮೊದಲು ಹೇಳುತ್ತೀ ಎಂದು ಮಾತಾಡಿಕೊಂಡೆವು. ರಾತ್ರಿ ಹೊತ್ತಿಗೂ ಸಿಗುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅನ್ನು ಅಕ್ಕನ ಫೋನಿಗೂ ಹಾಕಿಸಿದೆ.

ಎರಡನೇ ಸಲ ಅವ್ವನ ವಿಷಯ ತೆಗೆದೆ. ತಾಯಿಯ ಜೀನ್‌ನಿಂದ ಬರುತ್ತದೆ ಅನ್ನುವುದು ನಿಜ. ಆದರೆ ಹಾಗೆ ದಾಟಿಸುವ ತಾಯಿಗೆ ಸಾಮಾನ್ಯವಾಗಿ ಎಲ್ಲ ಬಣ್ಣವೂ ಸರಿಯಾಗೇ ಕಾಣುತ್ತದೆ, ತನ್ನಲ್ಲಿ ಇದು ಇದೆ ಅಂತಲೇ ಗೊತ್ತಿರುವುದಿಲ್ಲ. “ಹಂಗಾರ ಆಕಿಗೂ ಗೊತ್ತಿರಲಿಲ್ಲೇನ್ರಿ?” ಎಂದ. ಅಷ್ಟೇ ಅಂದ. ನಾನೂ ಎಳೆಯಲಿಲ್ಲ.

ಇನ್ನೊಂದನ್ನು ಗಮನಿಸಿದ್ದೆ. ದೇಶ ಅಂದಾಗೆಲ್ಲ ಅವನ ಬಾಯಲ್ಲಿ ಸಾವೇ ಬರುತ್ತಿತ್ತು. ಬದುಕಿರುವವರು ದೇಶಕ್ಕೆ ಏನಾದರೂ ಆಗಬಹುದು ಅನ್ನುವ ಲೆಕ್ಕವೇ ಇರಲಿಲ್ಲ. ಸಂವಿಧಾನದ 51ಎ ವಿಧಿಯಲ್ಲಿ ನಾಗರಿಕರ ಮೂಲಭೂತ ಕರ್ತವ್ಯಗಳಿವೆ. 1976ರಲ್ಲಿ ಹತ್ತು ಸೇರಿಸಿದರು, 2002ರಲ್ಲಿ ಇನ್ನೊಂದು. ಒಟ್ಟು 11. ದೇಶ ಕಾಯುವುದು, ಕರೆ ಬಂದಾಗ ಸೇವೆ ಮಾಡುವುದು ಅದರಲ್ಲಿ ಒಂದು. ಜಾತಿ-ಧರ್ಮ ಮೀರಿ ಸೋದರಭಾವ ಬೆಳೆಸುವುದೂ ಒಂದು. ಪಟ್ಟಿ ಓದಿಸಿದೆ. ಗೆಳೆಯನ ಜಗಳ ನೆನಪಾಯಿತೋ ಏನೋ, ಅಲ್ಲಿ ತಡೆದು ಮುಂದೆ ಹೋದ.

“ವೋಟರ್ ಲಿಸ್ಟ್‌ನಲ್ಲಿ ಹೆಸರಿದೆಯಾ?” ಎಂದು ಕೇಳಿದೆ. ಇಲ್ಲ! 18 ತುಂಬಿ ಮೂರು ವರ್ಷವಾಗಿತ್ತು. ಭರ್ತಿ ಅರ್ಜಿಗೆ ಅದೆಷ್ಟೋ ಕಾಗದ ಜೋಡಿಸಿದವನು ಪಟ್ಟಿಗೆ ಹೆಸರು ಸೇರಿಸುವ ಅರ್ಜಿ, ನಮೂನೆ 6, ಕೊಟ್ಟಿರಲಿಲ್ಲ. ಜೀವ ಕೊಡಲು ತಯಾರು, ಮತ ಕೊಡಲು ಹೆಸರೇ ಇಲ್ಲ. ನನಗೆ ನಗು ಬಂತು. ಪುಣ್ಯಕ್ಕೆ ಅವನೂ ನಕ್ಕ.

ಗ್ರಾಮಸಭೆ ಅಂದರೆ ಪಂಚಾಯ್ತಿ ಸದಸ್ಯರ ಸಭೆ ಅಂತ ಅವನು ತಿಳಿದಿದ್ದ. ಊರಿನ ಮತದಾರರ ಪಟ್ಟಿಯಲ್ಲಿರುವ ಎಲ್ಲರೂ ಅದರ ಸದಸ್ಯರೇ. ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು ಎಂದು ನಮ್ಮ ಕಾಯ್ದೆ ಹೇಳುತ್ತದೆ.

ನಾನು ಕೊಟ್ಟ ಸಲಹೆ ಜಾಸ್ತಿಯೇನಿಲ್ಲ. ಓಟ ಬಿಡಬೇಡ, ಅದು ನಿನ್ನದು, ಭರ್ತಿಯದಲ್ಲ. ಗೆಳೆಯನಿಗೆ ಗ್ರೂಪಿನಲ್ಲಿ ಅಲ್ಲ, ಎದುರು ಹೋಗಿ ಮಾತಾಡು. ನಮೂನೆ 6 ತುಂಬು. ಮೂರು ತಿಂಗಳು ‘ಮುಂದೇನು’ ಎಂದು ಯಾರೂ ಕೇಳಬೇಡಿ ಎಂದು ಮನೆಯವರಿಗೆ ಹೇಳಿದೆ. ಕಾಕಾ ಅವರಿಗೆ ಇದು ರುಚಿಸಲಿಲ್ಲ. ಊರಿನ ಚಿಕ್ಕ ಹುಡುಗರಿಗೆ ಓಟ ಕಲಿಸು ಎಂದೆ. ಅದನ್ನು ಖಡಾಖಂಡಿತ ಬೇಡ ಅಂದ. ಫೇಲಾದವನು ಏನು ಕಲಿಸುವುದು ಎಂದು. ಒತ್ತಾಯ ಮಾಡಲಿಲ್ಲ.

ನಾಲ್ಕು ತಿಂಗಳ ಮೇಲೆ ಬಂದಿದ್ದ. ಪಟ್ಟಿಗೆ ಹೆಸರು ಸೇರಿತ್ತು. ಗ್ರಾಮಸಭೆಯಲ್ಲಿ ಶಾಲೆಯ ಮುಂದಿನ ಚರಂಡಿ ಬಗ್ಗೆ ಕೇಳಿದ್ದನಂತೆ. ಪಿಡಿಒ ಬರೆದುಕೊಂಡರು, ಚರಂಡಿ ಹಾಗೇ ಇದೆ. ಭರ್ತಿಯ ಸುದ್ದಿ ಬಂದರೆ ಈಗಲೂ ಫೋನ್ ಬದಿಗಿಡುತ್ತಾನೆ. ಅವ್ವ ಏನಂತಾರೆ ಎಂದೆ. “ಮೆಣಸಿನಕಾಯಿ ಆರಿಸಾಕ ನನ್ನ ಕರಿಯೋದು ಬಿಟ್ಟಾಳ್ರಿ, ಕೆಂಪು ಹಸರು ಕೂಡಿಸಿ ಹಾಕ್ತೀನಂತ” ಎಂದು ನಕ್ಕ.