ತಡವಾಗಿ ಕಾಯಿ ಬಿಟ್ಟ ಗಿಡ ಕೀಳಬೇಕೇ?

ಪ್ರಶ್ನೆ: ಧಾರವಾಡದ ನಮ್ಮ ಹಿತ್ತಲಿನಲ್ಲಿ ಎರೆ ಮಣ್ಣಿನ ನಾಲ್ಕು ಮಡಿಗಳಿವೆ. ಈ ವರ್ಷ ಬೇಸಿಗೆಯೂ ತಂಪಾಗಿತ್ತು, ಮಳೆಗಾಲವೆಲ್ಲ ಮೋಡ. ಬದನೆ, ಟೊಮೆಟೊ ಈಗ ಹಸ್ತ ಮಳೆಯ ಹೊತ್ತಿಗೆ ಕಾಯಿ ಹಿಡಿಯುತ್ತಿವೆ. ಅವನ್ನು ಕಿತ್ತು ಹಿಂಗಾರಿನ ತರಕಾರಿ ಹಾಕಲೇ?

ಉತ್ತರ: ಬದನೆಯನ್ನು ದಯವಿಟ್ಟು ಕೀಳಬೇಡಿ. ಬಿಸಿಲು ಸಾಲದೆ ನಿಧಾನವಾದ ಗಿಡವದು, ಮುದಿಯಾದ ಗಿಡವಲ್ಲ. ಮೋಡ ಸರಿದರೆ ಇನ್ನೂ ಕೆಲವು ತಿಂಗಳು ಕಾಯಿ ಕೊಡುತ್ತದೆ. ಟೊಮೆಟೊದ ಕೆಳಗಿನ ಎಲೆಗಳನ್ನು ನೋಡಿ. ಉಂಗುರದಂಥ ಕಂದು ಚುಕ್ಕೆಗಳು ಮೇಲಕ್ಕೆ ಹಬ್ಬುತ್ತಿದ್ದರೆ ಗಿಡ ತೆಗೆಯಿರಿ, ಗೊಬ್ಬರದ ಗುಂಡಿಗೆ ಮಾತ್ರ ಹಾಕಬೇಡಿ. ಆ ಮಡಿಯಲ್ಲಿ ಮತ್ತೆ ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆ ಬೇಡ. ಎಲ್ಲವೂ ಒಂದೇ ಕುಟುಂಬದವು, ರೋಗವೂ ಹಂಚಿಕೊಳ್ಳುತ್ತವೆ.

ನನಗೆ ಹೆಚ್ಚು ಚಿಂತೆ ನಿಮ್ಮ ಮಣ್ಣಿನದು. ಶೀಗಿ ಹುಣ್ಣಿಮೆ ಬಂತೆಂದು ಹಸಿ ಎರೆ ಮಣ್ಣಿಗೆ ಗುದ್ದಲಿ ಹಾಕಿದರೆ ಹೆಂಟೆಗಳು ಒಣಗಿ ಇಟ್ಟಿಗೆಯಂತಾಗುತ್ತವೆ. ಅಲ್ಲಿ ಗಜ್ಜರಿ ನೇರವಾಗಿ ಇಳಿಯದೆ ಕವಲೊಡೆಯುತ್ತದೆ. ಒಂದು ಹಿಡಿ ಮಣ್ಣನ್ನು ಉಂಡೆ ಕಟ್ಟಿ ಬೆರಳಿನಿಂದ ಒತ್ತಿ. ಪುಡಿಯಾದರೆ ಅಗೆಯಿರಿ. ಅಂಟಿ ಹೊಳೆದರೆ ಮೂರು ನಾಲ್ಕು ದಿನ ಕಾಯಿರಿ, ತಿಂಗಳ ಲೆಕ್ಕಕ್ಕಿಂತ ಈ ಉಂಡೆಯನ್ನೇ ನಂಬಿ.

ಆ ಹೊತ್ತಿನಲ್ಲಿ ಎಲೆಕೋಸು, ಹೂಕೋಸಿನ ಸಸಿ ಮಾಡಿಕೊಳ್ಳಬಹುದು. ಸುಮಾರು 15 ಸೆಂ.ಮೀ. ಎತ್ತರದ ಮಡಿಯಲ್ಲಿ ಬೀಜವನ್ನು ತೆಳುವಾಗಿ ಬಿತ್ತಿ. ಮೋಡದ ದಿನಗಳಲ್ಲಿ ಒತ್ತಾಗಿ ಬೆಳೆದ ಸಸಿಗಳು ಬುಡ ಕೊಳೆತು ಮಲಗುತ್ತವೆ. 25–30 ದಿನಕ್ಕೆ ಸಸಿ ನಾಟಿಗೆ ಬರುತ್ತದೆ. ಹೂಕೋಸಿನ ಬೀಜ ಕೊಳ್ಳುವಾಗ ಯಾವ ಹಂಗಾಮಿನ ತಳಿ ಎಂದು ಅಂಗಡಿಯಲ್ಲಿ ಕೇಳಲೇಬೇಕು. ಹವೆಗೆ ಹೊಂದದ ತಳಿ ಅಂಗಿಯ ಗುಂಡಿಯಷ್ಟೇ ಹೂ ಬಿಟ್ಟು ನಿಲ್ಲುತ್ತದೆ.

ಮೆಂತ್ಯ, ಕೊತ್ತಂಬರಿಯನ್ನು ಒಂದೇ ಸಲ ಬಿತ್ತದೆ ಹದಿನೈದು ದಿನಕ್ಕೊಮ್ಮೆ ಒಂದೊಂದು ಸಾಲು ಹಾಕಿ. ಕೊತ್ತಂಬರಿ ಬೀಜವನ್ನು ಉಜ್ಜಿ ಎರಡು ಹೋಳು ಮಾಡಿಕೊಳ್ಳಿ. ಮೂಲಂಗಿಗೆ ವಿಶೇಷ ಆರೈಕೆ ಬೇಕಿಲ್ಲ. ಗಜ್ಜರಿಯನ್ನು ಕೊನೆಗೆ, ರಾತ್ರಿ ತಂಪೇರಿದ ಮೇಲೆ, ಮರಳು ಬೆರೆಸಿ ಅರ್ಧ ಅಂಗುಲ ಆಳಕ್ಕೆ ಬಿತ್ತಿ. ಮೊಳಕೆಗೆ ಒಂದೆರಡು ವಾರ ಬೇಕು, ಅಲ್ಲಿಯವರೆಗೆ ಮೇಲ್ಮಣ್ಣು ಒಣಗಬಾರದು.

ಮಡಿಯ ಅಂಚಿನಲ್ಲಿ ಹಕ್ಕರಕಿಗೆ ಒಂದು ಗೇಣು ಜಾಗ ಬಿಡಿ. ಜೋಳದ ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಸೊಪ್ಪು, ಕಿತ್ತ ಗಳಿಗೆಯಲ್ಲೇ ರುಚಿ.