ಓದುಗರ ಪ್ರಶ್ನೆ: ವರ್ಚುವಲ್ ಮೆಷಿನ್ ಟ್ರೇಸ್‌ನಲ್ಲಿ ಏನನ್ನು ನೋಡಬೇಕು?

ಪ್ರಶ್ನೆ: ಲಿನಕ್ಸ್ ಸರ್ವರ್‌ನಲ್ಲಿ ಕೆವಿಎಂ (ಲಿನಕ್ಸ್‌ನ ವರ್ಚುವಲ್ ಮೆಷಿನ್ ಸೌಲಭ್ಯ) ಮೇಲೆ ನಾಲ್ಕು ವಿಸಿಪಿಯುಗಳ (ವರ್ಚುವಲ್ ಸಿಪಿಯು) ಗೆಸ್ಟ್, ಅಂದರೆ ವರ್ಚುವಲ್ ಮೆಷಿನ್, ಓಡುತ್ತಿದೆ. ಅದರ ಡೇಟಾಬೇಸ್ ತೀರಾ ನಿಧಾನ. ‘ಪರ್ಫ್ ಕೆವಿಎಂ ಸ್ಟ್ಯಾಟ್ ರೆಕಾರ್ಡ್’ ಆದೇಶ ಕೊಟ್ಟು (ಪರ್ಫ್ ಎಂದರೆ ಲಿನಕ್ಸ್‌ನ ಕಾರ್ಯಕ್ಷಮತೆ ಅಳೆಯುವ ಉಪಕರಣ) 10 ಸೆಕೆಂಡಿನ ಟ್ರೇಸ್, ಅಂದರೆ ಘಟನೆಗಳ ದಾಖಲೆ, ತೆಗೆದೆ. ಟೈಮ್ ಕಾಲಂನಲ್ಲಿ ಎಚ್‌ಎಲ್‌ಟಿ ಶೇ 96, ಐಒ ಇನ್‌ಸ್ಟ್ರಕ್ಷನ್ (ಸಾಧನಗಳೊಂದಿಗಿನ ವ್ಯವಹಾರ) ಶೇ 3 (38,000 ಸಲ, ಸರಾಸರಿ 24 ಮೈಕ್ರೋಸೆಕೆಂಡ್). ಎಚ್‌ಎಲ್‌ಟಿ ಇಳಿಸುವುದು ಹೇಗೆ?

ಉತ್ತರ: ಎಚ್‌ಎಲ್‌ಟಿ ಗೋಜಿಗೆ ಹೋಗಬೇಡಿ. ಮಾಡಲು ಕೆಲಸವಿಲ್ಲದಾಗ ವಿಸಿಪಿಯು ಕೊಡುವ ಸೂಚನೆ ಅದು. ಗೆಸ್ಟ್‌ನಿಂದ ಹೊರಬಿದ್ದ ಕ್ಷಣದಿಂದ (ಎಕ್ಸಿಟ್) ಮತ್ತೆ ಒಳಹೋಗುವವರೆಗಿನ (ಎಂಟ್ರಿ) ಅಷ್ಟೂ ಹೊತ್ತನ್ನು ಪರ್ಫ್ ಲೆಕ್ಕಕ್ಕೆ ಹಿಡಿಯುತ್ತದೆ. ಹಾಗಾಗಿ ವಿಸಿಪಿಯು ಮಲಗಿದ್ದ ಸಮಯವೂ ಅದರಲ್ಲಿ ಸೇರಿಹೋಗಿದೆ. ಡೇಟಾಬೇಸ್ ಡಿಸ್ಕಿಗಾಗಿ ಕಾಯುತ್ತಿದ್ದರೂ ವಿಸಿಪಿಯು ಮಲಗಿಯೇ ಇರುತ್ತದೆ. ಮೊದಲು ಆ ಸಾಲನ್ನು ಬಿಟ್ಟು ಉಳಿದವನ್ನು ಓದಿ.

ನಿಮ್ಮ ಸಮಸ್ಯೆ ಇರುವುದು ಆ ಶೇ 3ರಲ್ಲಿ. 38,000 ಸಲ 24 ಮೈಕ್ರೋಸೆಕೆಂಡ್ ಎಂದರೆ ಸುಮಾರು 0.9 ಸೆಕೆಂಡ್. ಕರ್ನಲ್‌ನೊಳಗೇ ಮುಗಿಯುವ ಎಕ್ಸಿಟ್‌ಗೆ ಸಾಮಾನ್ಯವಾಗಿ ಇಷ್ಟು ಹೊತ್ತು ಹಿಡಿಯುವುದಿಲ್ಲ. ಪ್ರತಿ ಸಲವೂ ಕೆಲಸ ಸಾಧನಗಳನ್ನು ಅನುಕರಿಸುವ ಕ್ಯೂಇಎಂಯು ಪ್ರೋಗ್ರಾಂವರೆಗೆ ಹೋಗಿ ಬರುತ್ತಿದೆ. ಯಾವ ಸಾಧನಕ್ಕಾಗಿ ಎಂದು ತಿಳಿಯಲು ಹೊಸ ಟ್ರೇಸ್ ಬೇಕಿಲ್ಲ. ಅದೇ ಫೈಲಿನ ಮೇಲೆ ರಿಪೋರ್ಟ್ ಕೊಡುವಾಗ ಈವೆಂಟ್ ಆಯ್ಕೆಗೆ ‘ಐಒಪೋರ್ಟ್’ ಎಂದು ಹಾಕಿ. ಹೆಕ್ಸ್ 1ಎಫ್0ಯಿಂದ 1ಎಫ್7ರವರೆಗಿನ ಪೋರ್ಟ್‌ಗಳು ಮೇಲಿದ್ದರೆ ಗೆಸ್ಟ್‌ಗೆ ಐಡಿಇ (ಹಳೆಯ ಮಾದರಿಯ) ಡಿಸ್ಕ್ ಕೊಟ್ಟಿದ್ದೀರಿ. 3ಎಫ್8 ಇದ್ದರೆ ಸೀರಿಯಲ್ ಕನ್ಸೋಲ್‌ಗೆ ಯಾವುದೋ ಲಾಗ್ ಸುರಿಯುತ್ತಿದೆ. ಅದನ್ನು ನಿಲ್ಲಿಸಿದರೆ ಮುಗಿಯಿತು.

ಐಡಿಇ ಆಗಿದ್ದರೆ ಎಕ್ಸಿಟ್ ವೆಚ್ಚಕ್ಕಿಂತ ದೊಡ್ಡ ಹೊಡೆತ ಇನ್ನೊಂದಿದೆ: ಅದು ಒಂದು ಚಾನೆಲ್‌ನಲ್ಲಿ ಒಮ್ಮೆಗೆ ಒಂದೇ ಆದೇಶ ನಡೆಸುತ್ತದೆ. ಡೇಟಾಬೇಸ್ ಹತ್ತು ಬರಹಗಳನ್ನು ಒಟ್ಟಿಗೆ ಕಳಿಸಿದರೂ ಅವು ಸಾಲಿನಲ್ಲಿ ನಿಲ್ಲಬೇಕು. ಗೆಸ್ಟ್ ಮುಚ್ಚಿ, ‘ವಿರ್ಶ್ ಎಡಿಟ್’ನಲ್ಲಿ (ಗೆಸ್ಟ್‌ನ ಸಂರಚನೆ ತಿದ್ದುವ ಆದೇಶ) ಡಿಸ್ಕಿನ ಬಸ್ ಅನ್ನು ವರ್ಟ್‌ಐಒ (ವರ್ಚುವಲ್ ಮೆಷಿನ್‌ಗೆಂದೇ ರೂಪಿಸಿದ ಸಾಧನ ಮಾದರಿ) ಮಾಡಿ, ಡಿಸ್ಕಿನ ಹೆಸರು ಎಚ್‌ಡಿಎಯನ್ನು ವಿಡಿಎ ಮಾಡಿ, ಆ ಡಿಸ್ಕಿನ ಹಳೆಯ ಅಡ್ರೆಸ್ ಸಾಲನ್ನು ಅಳಿಸಿ. ಆ ಸಾಲು ಉಳಿದರೆ ಗೆಸ್ಟ್‌ಗಳನ್ನು ನಿರ್ವಹಿಸುವ ಲಿಬ್‌ವರ್ಟ್ ಬದಲಾವಣೆಯನ್ನು ಒಪ್ಪುವುದಿಲ್ಲ. ಲಿನಕ್ಸ್ ಗೆಸ್ಟ್‌ನ ಎಫ್‌ಎಸ್‌ಟ್ಯಾಬ್‌ನಲ್ಲಿ (ಡಿಸ್ಕ್‌ಗಳ ಪಟ್ಟಿಯ ಫೈಲ್) ಡಿಸ್ಕ್ ಹೆಸರಿನ ಬದಲು ಯುಯುಐಡಿ (ಬದಲಾಗದ ಗುರುತಿನ ಸಂಖ್ಯೆ) ಇರಲಿ, ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ (ಬೂಟ್ ಆಗುವಾಗ ಮೊದಲು ತೆರೆಯುವ ಫೈಲ್‌ಗಳ ಕಟ್ಟು) ವರ್ಟ್‌ಐಒ ಡ್ರೈವರ್ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ವಿಂಡೋಸ್ ಆದರೆ ಮೊದಲು ಸಣ್ಣದೊಂದು ಎರಡನೇ ಡಿಸ್ಕನ್ನು ವರ್ಟ್‌ಐಒ ಆಗಿ ಸೇರಿಸಿ, ಡ್ರೈವರ್ ಹಾಕಿ, ಆಮೇಲೆ ಬೂಟ್ ಡಿಸ್ಕ್ ಮುಟ್ಟಿ. ಅವಸರಪಟ್ಟರೆ 7ಬಿ ದೋಷದ ನೀಲಿ ಪರದೆ ಖಂಡಿತ.

ಪ್ರಶ್ನೆ: ಗೆಸ್ಟ್‌ನೊಳಗಿನ ‘ಟಾಪ್’ ಆದೇಶದಲ್ಲಿ ಎಸ್‌ಟಿ ಶೇ 20 ತೋರಿಸುತ್ತದೆ, ಎಕ್ಸಿಟ್‌ಗಳು ಮಾತ್ರ ಕಡಿಮೆ. ಯಾವುದನ್ನು ನಂಬಲಿ?

ಉತ್ತರ: ಎರಡೂ ನಿಜ. ಎಸ್‌ಟಿ ಅಂದರೆ ಸ್ಟೀಲ್: ವಿಸಿಪಿಯು ಓಡಲು ಸಿದ್ಧವಿದ್ದೂ ಹೋಸ್ಟ್‌ನಲ್ಲಿ (ಗೆಸ್ಟ್ ಓಡುವ ನಿಜವಾದ ಯಂತ್ರ) ಸರದಿ ಸಿಗದೆ ಕಳೆದ ಸಮಯ. ಅದನ್ನು ಎಕ್ಸಿಟ್ ಪಟ್ಟಿಯಲ್ಲಿ ಹುಡುಕಬೇಡಿ, ಹೋಸ್ಟ್‌ನಲ್ಲಿ ಸಿಪಿಯು ಸರದಿ ಹಂಚುವ ಷೆಡ್ಯೂಲರ್‌ನಲ್ಲಿ ಹುಡುಕಿ. ‘ಪರ್ಫ್ ಸ್ಕೆಡ್ ರೆಕಾರ್ಡ್’ ಐದು ಸೆಕೆಂಡ್ ಓಡಿಸಿ, ನಂತರ ‘ಪರ್ಫ್ ಸ್ಕೆಡ್ ಟೈಮ್‌ಹಿಸ್ಟ್’ನಲ್ಲಿ ವಿಸಿಪಿಯು ಥ್ರೆಡ್‌ನ ‘ಸ್ಕೆಡ್ ಡಿಲೇ’ ಕಾಲಂ ಓದಿ. ಪಕ್ಕದ ‘ವೇಟ್ ಟೈಮ್’ ಥ್ರೆಡ್ ಕೋರ್‌ನಿಂದ ಇಳಿದು ಮತ್ತೆ ಏರುವವರೆಗಿನ ಅಷ್ಟೂ ಹೊತ್ತು; ಮಲಗಿದ್ದ ಸಮಯ, ಮಧ್ಯದಲ್ಲೇ ಬಲವಂತವಾಗಿ ಇಳಿಸಿದ ಸಮಯ ಎರಡೂ ಅದರಲ್ಲಿ ಸೇರುತ್ತವೆ, ಅದನ್ನು ಇದರೊಂದಿಗೆ ಬೆರೆಸಬೇಡಿ. ಡಿಲೇ ಆಗಾಗ ಹಲವು ಮಿಲಿಸೆಕೆಂಡ್ ಮುಟ್ಟುತ್ತಿದ್ದರೆ, ಹೋಸ್ಟ್‌ನ ಕೋರ್‌ಗಳಿಗಿಂತ ಹೆಚ್ಚು ವಿಸಿಪಿಯುಗಳನ್ನು ಹಂಚಿದ್ದೀರಾ, ಎರಡು ಗೆಸ್ಟ್‌ಗಳನ್ನು ಒಂದೇ ಕೋರ್‌ಗೆ ಪಿನ್ ಮಾಡಿದ್ದೀರಾ (ಕಟ್ಟಿಹಾಕಿದ್ದೀರಾ) ನೋಡಿ. ಹೋಸ್ಟ್ ಖಾಲಿಯಿದ್ದೂ ಸ್ಟೀಲ್ ಬರುತ್ತಿದ್ದರೆ ಅನುಮಾನ ಸಿಪಿಯು ಬಳಕೆಗೆ ಮಿತಿ ಹಾಕುವ ಸಿಜಿಗ್ರೂಪ್ ಕೋಟಾದ ಮೇಲೆ. ಆ ಗೆಸ್ಟ್‌ನ ‘ಸಿಪಿಯು ಡಾಟ್ ಸ್ಟ್ಯಾಟ್’ ಫೈಲಿನಲ್ಲಿ ‘ಥ್ರಾಟಲ್ಡ್’ (ಮಿತಿ ಮುಟ್ಟಿ ತಡೆದ ಸಲಗಳ) ಎಣಿಕೆ ಏರುತ್ತಿದ್ದರೆ ಕೋಟಾ ಸಡಿಲಿಸಿ.

ಪ್ರಶ್ನೆ: ಟ್ರೇಸ್ ತೆಗೆಯುವಾಗ ‘ಲಾಸ್ಟ್ ಈವೆಂಟ್ಸ್’ (ಕಳೆದುಹೋದ ಘಟನೆಗಳು) ಎಂದು ಬರುತ್ತದೆ. ಪರವಾಗಿಲ್ಲವೇ?

ಉತ್ತರ: ಪರವಾಗಿಲ್ಲ ಎನ್ನುವಂತಿಲ್ಲ. ಎಂಟ್ರಿ ಒಂದು ಕಳೆದುಹೋದರೆ ಅದರ ಎಕ್ಸಿಟ್‌ಗೆ ಜೋಡಿ ಸಿಗುವುದಿಲ್ಲ. ಸರಾಸರಿ, ಗರಿಷ್ಠ ಎರಡನ್ನೂ ನಂಬುವಂತಿಲ್ಲ. ಒಂದೇ ಗೆಸ್ಟ್‌ನ ಪಿಐಡಿ (ಪ್ರಕ್ರಿಯೆಯ ಸಂಖ್ಯೆ) ಕೊಟ್ಟು, ಹೊತ್ತು ಕಡಿಮೆ ಮಾಡಿ. ಸಾಲದಿದ್ದರೆ ಬಫರ್ ಹಿಗ್ಗಿಸಿ: ಪರ್ಫ್‌ನಲ್ಲಿ ‘ಎಂ’ ಆಯ್ಕೆ, ಇನ್ನೊಂದು ಟ್ರೇಸ್ ಉಪಕರಣವಾದ ಟ್ರೇಸ್‌ಸಿಎಂಡಿಯಲ್ಲಿ ‘ಬಿ’. ಔಟ್‌ಪುಟ್ ಫೈಲನ್ನು ಗೆಸ್ಟ್‌ನ ಡಿಸ್ಕ್ ಇಮೇಜ್ ಇರುವ ಡ್ರೈವ್‌ನಲ್ಲೇ ಬರೆಯಿಸಬೇಡಿ, ಟ್ರೇಸ್‌ನ ಬರಹವೇ ಗೆಸ್ಟ್‌ನ ಬರಹಕ್ಕೆ ಅಡ್ಡಬರುತ್ತದೆ. ರ‍್ಯಾಮ್ ಸಾಕಷ್ಟಿದ್ದರೆ ಅದನ್ನು ‘ಡೆವ್ ಎಸ್‌ಎಚ್‌ಎಂ’ನಲ್ಲಿ (ರ‍್ಯಾಮ್‌ನಲ್ಲೇ ಇರುವ ಫೋಲ್ಡರ್) ಇಡಿ.